ಒಲೆಯವನ ಎದುರು ಮಾಡಿದ ಪ್ರಮಾಣ

ಗ್ರೇಸನ್‌ವಿಲ್‌ನ ಗುಡ್ಡದ ಮೇಲಿನ ಆ ದೊಡ್ಡ ಮನೆಯಲ್ಲಿ ಮೂವತ್ತು ಬಿಳಿ ಹುಡುಗರು ವಾಸವಾಗಿದ್ದರು. ತನ್ನ ಹಾಸಿಗೆಯನ್ನು ತಾನೇ ಸರಿಮಾಡಿಕೊಳ್ಳಲು ಒಬ್ಬನಿಗೂ ಬರುತ್ತಿರಲಿಲ್ಲ. ಒಬ್ಬರನ್ನೊಬ್ಬರು ಸಹೋದರ ಎಂದು ಕರೆಯಲು ಮಾತ್ರ ಎಲ್ಲರಿಗೂ ಬರುತ್ತಿತ್ತು. ಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರ ಕೆತ್ತಿಸಿಕೊಂಡಿದ್ದರು. ಅವುಗಳ ಅರ್ಥ ಕೇಳಿದರೆ ಅದು ಗುಟ್ಟು ಎನ್ನುತ್ತಿದ್ದರು. ಅವರಲ್ಲೇ ಅರ್ಧ ಜನರಿಗೆ ಗೊತ್ತಿಲ್ಲದಿದ್ದರೆ ಅದು ಗುಟ್ಟಾಗಿಯೇ ಉಳಿಯುತ್ತದೆ.

ಆ ಮನೆ ಬೆಚ್ಚಗಿದ್ದದ್ದು ಹೋಸಿಯಾ ಪೆಟಿಫೋರ್ಡ್‌ನಿಂದ. ಅವನು ಕರಿಯ. ಇಪ್ಪತ್ತೊಂದು ವರ್ಷದವನು. ಅದೇ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ ರಸಾಯನಶಾಸ್ತ್ರ ಓದುತ್ತಿದ್ದ. ಬೆಳಕು ಹರಿಯುವ ಮೊದಲು ಬಂದು ನೆಲಮಾಳಿಗೆಯ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ. ಬೂದಿ ಬಾಚಿ ತೆಗೆಯುತ್ತಿದ್ದ. ಶನಿವಾರ ಕುಡಿದವರ ವಾಂತಿಯನ್ನು ಭಾನುವಾರ ಒರೆಸುತ್ತಿದ್ದ. ಆಮೇಲೆ ಕೈ ತೊಳೆದು, ಬಿಳಿ ಕೋಟು ತೊಟ್ಟು, ಅವರಿಗೆ ತಿಂಡಿ ಬಡಿಸುತ್ತಿದ್ದ. ಅಂಗೈಯ ಗೆರೆಗಳಲ್ಲಿ ಮಸಿ ಹಾಗೇ ಇರುತ್ತಿತ್ತು. ತಟ್ಟೆಯ ಅಂಚನ್ನು ಬೆರಳ ತುದಿಯಲ್ಲಿ ಹಿಡಿ ಎಂದು ಅವನಿಗೆ ಕಲಿಸಿದ್ದರು.

ಒಹಾಯೋ ನದಿ ದಾಟಿ ಉತ್ತರಕ್ಕೆ ಬಂದರೆ ಗುಲಾಮಗಿರಿಯಿಂದ ಬಿಡುಗಡೆ ಎಂದು ಅವನ ಅಜ್ಜ ನಂಬಿದ್ದ. ದಾಟಿ ಬಂದವನ ಮೊಮ್ಮಗನನ್ನು ವಿಶ್ವವಿದ್ಯಾಲಯ ಸೇರಿಸಿಕೊಂಡಿತು, ಕಾನೂನು ಇತ್ತಲ್ಲ. ಆದರೆ ಕಾನೂನಿನಲ್ಲಿ ಹಾಸಿಗೆಯ ಮಾತು ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ. ಊಟದ ಹಾಲಿನಲ್ಲಿ ಕುರ್ಚಿಯಿಲ್ಲ. ಪಾಠದ ಕೋಣೆಯಲ್ಲಿ ಅವನ ಎಡಕ್ಕೆ ಒಂದು ಕುರ್ಚಿ ಖಾಲಿ, ಬಲಕ್ಕೆ ಒಂದು ಕುರ್ಚಿ ಖಾಲಿ. ಈಜು ಬಾರದವನಿಗೆ ಪದವಿ ಕೊಡಬಾರದೆಂಬ ನಿಯಮವೊಂದಿತ್ತು. ಕರಿಯ ಇಳಿದರೆ ಕೊಳದ ನೀರು ಬದಲಿಸಬೇಕೆಂಬ ನಿಯಮ ಬರೆದಿರಲಿಲ್ಲ, ಆದರೆ ಅದೂ ಇತ್ತು. ಡೀನ್ ಬುದ್ಧಿವಂತ. ಹೋಸಿಯಾನ ಕಾಲ್ಬೆರಳು ಕೂಡ ಒದ್ದೆಯಾಗದಂತೆ ಅವನು ಈಜಿದನೆಂದು ಬರೆದುಕೊಟ್ಟ.

ಅವನು ಓಡುತ್ತಿದ್ದ. ಕಾಲು ಮೈಲಿ ಓಟದಲ್ಲಿ ಅವನನ್ನು ಹಿಡಿಯುವವರು ಆ ಸೀಮೆಯಲ್ಲಿರಲಿಲ್ಲ. ಗೆದ್ದ ದಿನ ಅವನು "ನಮ್ಮ ಪೆಟಿಫೋರ್ಡ್." ಮರುದಿನ "ಏಯ್ ಹುಡುಗಾ, ಒಲೆ ಆರಿದೆ ನೋಡು."

ಅವನ ಓದಿನ ಎರಡನೆಯ ವರ್ಷದ ಚಳಿಗಾಲದಲ್ಲಿ ಆ ಮನೆಯವರು ಹೊಸ ಸಹೋದರರನ್ನು ಸೇರಿಸಿಕೊಂಡರು. ಅದು ಅವರ ಪರಮ ಗುಟ್ಟಿನ ಶಾಸ್ತ್ರ. ನರಕದ ಹಾಗೆ ಕಾಣಲಿ ಎಂದು ಅದಕ್ಕೆ ನೆಲಮಾಳಿಗೆಯನ್ನೇ ಆರಿಸಿಕೊಂಡರು. ಹೊಸಬರ ಕಣ್ಣಿಗೆ ಬಟ್ಟೆ ಕಟ್ಟಿ, ಅಂಡಿಗೆ ಹಲಗೆಯಲ್ಲಿ ಬಾರಿಸುತ್ತಾ ಒಲೆಯ ಮುಂದೆ ತಂದು ಮೊಣಕಾಲೂರಿಸಿದರು. ಮುಖಂಡ ಪ್ರೆಸ್ಟನ್ ಹಾಲ್ಡೇನ್ ಉದ್ದ ನಿಲುವಂಗಿ ತೊಟ್ಟಿದ್ದ. ಬ್ಯಾಂಕಿನವನ ಮಗ. ಮನೆಯ ನಾಯಿ ಒಂದು ಮೂಲೆಯಲ್ಲಿ ಮಲಗಿತ್ತು.

"ಹೊರಗಿನವರ ಕಿವಿಗೆ ಬೀಳಬಾರದು. ನಾಯೀನ ಆಚೆ ಹಾಕ್ರೋ," ಎಂದ ಹಾಲ್ಡೇನ್.

ನಗಾಡುತ್ತಾ ನಾಯಿಯನ್ನು ಆಚೆ ಹಾಕಿದರು. ಬಾಗಿಲಿಗೆ ಅಗಳಿ ಹಾಕಿದರು. ಹೋಸಿಯಾ ಸಲಿಕೆ ಹಿಡಿದು ಒಲೆಯ ಪಕ್ಕದಲ್ಲೇ ನಿಂತಿದ್ದ. ಹೋಗು ಎನ್ನುತ್ತಾರೇನೋ ಎಂದು ಕಾದ.

"ಬೆಂಕಿ ಜೋರು ಮಾಡು," ಎಂದ ಹಾಲ್ಡೇನ್.

ಹೋಸಿಯಾ ಜೋರು ಮಾಡಿದ. ಅವರು ಪ್ರಮಾಣ ಮಾಡಿದರು. ಸಾಯುವವರೆಗೂ ಬಾಯಿ ಬಿಡಬಾರದ ಮಾತು, ಕೈ ಹಿಡಿಯುವ ಬಗೆ, ಎಲ್ಲವನ್ನೂ ಅವನ ಎದುರೇ, ಅವನ ಬೆಂಕಿಯ ಬೆಳಕಿನಲ್ಲೇ ಮಾಡಿದರು. ಅವನಿಗೆ ಮೊದಲು ನಗು ಬಂತು. ಆಮೇಲೆ ನಾಯಿಯ ನೆನಪಾಯಿತು. ನಾಯಿಗೆ ಕಿವಿಯಿದೆ ಎಂದು ಅವರಿಗೆ ಗೊತ್ತಿತ್ತು. ಆವತ್ತಿನಿಂದ ಅವನಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಬಾಯಿಗೆ ಬಂದ ಕಹಿ ಉಗಿಯುವಂಥ ತಾತ್ಸಾರವೊಂದು ಹುಟ್ಟಿತು. ಅದು ಅವನಿಗೆ ಚಳಿಗಾಲವಿಡೀ ಅನ್ನದ ಹಾಗೆ ಒದಗಿತು.

ರೈಲುಹಳಿಯ ಈಚೆ, ಕರಿಯರ ಕೇರಿಯಲ್ಲಿ, ಅವನಿದ್ದದ್ದು ಮೇಬ್ರಿಯಮ್ಮನ ಮನೆಯಲ್ಲಿ. ಆಕೆ ಅಗಸಗಿತ್ತಿ. ಗುಡ್ಡದ ಮೇಲಿನವರ ಅಂಗಿಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. ಸೋಪಿನ ಖಾರಕ್ಕೆ ಬೆರಳ ಸಂದಿಗಳು ಬಿರಿದಿದ್ದವು. ಓದಲು ಬಂದ ಕರಿಯ ಹುಡುಗರಿಗೆಲ್ಲ ಊರಿನಲ್ಲಿದ್ದ ಸೂರು ಅದೊಂದೇ. ಆರು ಜನ ಎರಡು ಕೋಣೆಯಲ್ಲಿ ಮಲಗುತ್ತಿದ್ದರು.

ಕೇಟೋ ವಿನ್‌ಫ್ರೀ ಹೋಸಿಯಾನ ಜೊತೆಗೇ ಗುಡ್ಡದ ಮನೆಯಲ್ಲಿ ನೆಲ ಒರೆಸುತ್ತಿದ್ದ. ಕಡ್ಡಿಯಂಥ ಮೈ, ಕತ್ತಿಯಂಥ ನಾಲಿಗೆ. ಊರಿಗೆ ಬಂದ ಮೊದಲ ದಿನ ಅವನಿಗೆ ಯಾರೂ ಬಾಗಿಲು ತೆರೆದಿರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿದ. ಪೊಲೀಸರು ಎಬ್ಬಿಸಿ, ಒದ್ದು, ಲಾಕಪ್ಪಿಗೆ ಹಾಕಿದರು. "ಗ್ರೇಸನ್‌ವಿಲ್ ನಂಗೆ ಕೊಟ್ಟಿರೋ ಹಾಸ್ಟೆಲ್ ಅದೊಂದೇ ಕಣ್ರೋ, ಕಂಬಿ ಬೇರೆ ಇತ್ತು, ಗಾಳಿ ಚೆನ್ನಾಗ್ ಬರೋದು," ಎಂದು ನಗಿಸುತ್ತಿದ್ದ. ನಗುವಾಗ ಮುರಿದ ಹಲ್ಲು ಕಾಣುತ್ತಿತ್ತು.

ಲಾರೆನ್ಸ್ ಒವರ್ಬಿ ಬೇರೆ ಥರದವನು. ಅವನ ಅಪ್ಪ ದೊಡ್ಡ ಪಟ್ಟಣದಲ್ಲಿ ಕರಿಯರ ಹೆಣಗಳಿಗೆ ಪೆಟ್ಟಿಗೆ ಮಾಡಿಸಿ ಮಣ್ಣು ಮಾಡಿಸುವ ಕಸುಬಿನವನು. ಕಾಸಿದ್ದವನು. ಒವರ್ಬಿ ಯಾರ ಮನೆಯಲ್ಲೂ ನೆಲ ಒರೆಸುತ್ತಿರಲಿಲ್ಲ. ಬಣ್ಣವೂ ಸ್ವಲ್ಪ ತಿಳಿ. ಸಂಘದ ಮಾತು ಮೊದಲು ಎತ್ತಿದವನು ಅವನೇ.

"ನಮ್ಗೂ ಒಂದು ಸಹೋದರ ಸಂಘ ಬೇಕು," ಎಂದ, ಮೇಬ್ರಿಯಮ್ಮನ ಅಡುಗೆಮನೆಯಲ್ಲಿ ಹುರುಳಿಕಾಯಿ ಬೀಜದ ಸಾರು, ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಾ. "ನಮ್ದೇ ಹೆಸರು. ನಮ್ದೇ ಲಾಂಛನ."

"ನಿಮ್ಮಪ್ಪ ಹೆಣಕ್ಕೂ ಟೈ ಕಟ್ಟಿಸ್ತಾರೆ," ಎಂದ ಕೇಟೋ. "ನೀನು ನಮ್ಗೆ ಬದುಕಿದ್ದಾಗ್ಲೇ ಕಟ್ಸು, ದೊರೆ."

"ತಮಾಷೆ ಸಾಕು ಕಣೋ."

"ಹೆಸ್ರು ಆಮೇಲೆ," ಎಂದ ಹೋಸಿಯಾ. "ಮೊದ್ಲು ಮನೆ. ಮುಂದಿನ ವರ್ಷ ರೈಲಿಂದ ಇಳಿಯೋ ನಮ್ ಹುಡುಗ ಬೆಂಚಿನ್ ಮೇಲೆ ಮಲಗಬಾರ್ದು. ಅಷ್ಟಾದ್ರೆ ಅದು ಸಂಘ. ಇಲ್ದಿದ್ರೆ ಬರೀ ಅಕ್ಷರ."

ಮೇಬ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟು ಹೇಳಿದಳು: "ಏನಾರ ಮಾಡ್ಕೊಳಿ. ತಟ್ಟೆ ತೊಳ್ದು ಮಾಡ್ಕೊಳಿ."

ತಟ್ಟೆ ತೊಳೆದರು. ಹಾಗೆ ಶುರುವಾಯಿತು. ವಾರಗಟ್ಟಲೆ ಕೂತು ತಮ್ಮ ಪ್ರಮಾಣದ ಮಾತುಗಳನ್ನು ಕಟ್ಟಿದರು. ಹೆಚ್ಚಿನವು ಹೋಸಿಯಾನವು. ಸಾಲುಗಳಲ್ಲಿ ಅಲಂಕಾರ ಕಂಡರೆ ಕೇಟೋ ಕಿತ್ತು ಹಾಕುತ್ತಿದ್ದ.

ಸಂಘಕ್ಕೆ ಮಾನ್ಯತೆ ಬೇಕು, ಇಲ್ಲದಿದ್ದರೆ ಅದರ ಹೆಸರಿನಲ್ಲಿ ಯಾರೂ ಮನೆ ಬಾಡಿಗೆಗೆ ಕೊಡುವಂತಿಲ್ಲ. ಡೀನನ ಬಳಿ ಹೋದರು. ಡೀನ್ ಬಹಳ ನಯವಾಗಿ ಮಾತಾಡಿದ. ಈಗಾಗಲೇ ಇರುವ ಸಂಘಗಳೆಲ್ಲ ಒಪ್ಪಬೇಕು, ಆ ಸಂಘಗಳ ಮಂಡಳಿಗೆ ಹಾಲ್ಡೇನ್ ಅಧ್ಯಕ್ಷ, ಅವನನ್ನು ಕೇಳಿ ಎಂದ. ಅಂದರೆ ಯಾರ ವಾಂತಿ ಒರೆಸುತ್ತಿದ್ದೀರೋ ಅವನನ್ನು ಕೇಳಿ ಎಂದ.

ಹೋಸಿಯಾ ಕೇಳಿದ. ಹಾಲ್ಡೇನ್ ಸೋಫಾದ ಮೇಲೆ ಬೂಟುಗಾಲು ಚಾಚಿ ಮಲಗಿದ್ದ.

"ನೀವೂ ಸಂಘ ಮಾಡ್ತೀರಾ? ಭೇಷ್. ಪ್ರಮಾಣ ಎಲ್ಲಾ ಇದೆಯಾ?"

"ಇದೆ ಸಾರ್."

"ಮೊಣಕಾಲೂರಿ ಮಾಡ್ತೀರೋ, ಕುಣ್ಕೊಂಡು ಮಾಡ್ತೀರೋ?"

ಹೋಸಿಯಾ ಸೋಫಾದ ಮೇಲಿನ ಬೂಟುಗಳನ್ನು ನೋಡಿದ.

"ನೋಡು ಹುಡುಗಾ. ಮೇ ತಿಂಗಳ ಭಾನುವಾರದೂಟಕ್ಕೆ ನಮ್ಮ ಹಳೇ ಸಹೋದರರು, ಅಪ್ಪ ಅಮ್ಮಂದಿರು ಬರ್ತಾರೆ. ನೀವೆಲ್ಲ ಬಂದು ಬಡಿಸಿ. ಊಟ ಆದ್ಮೇಲೆ ನಿಮ್ಮ ಪ್ರಮಾಣದ ಶಾಸ್ತ್ರ ಮಾಡಿ ತೋರ್ಸಿ. ಹೆಂಗಸ್ರು ಸ್ವಲ್ಪ ನಗ್ಲಿ. ಸೋಮವಾರ ಬೆಳಗ್ಗೆ ನಾನೇ ಡೀನ್ ಹತ್ರ ಹೋಗಿ ಆಗ್ಲಿ ಅಂತೀನಿ."

ಆ ಮಾತನ್ನು ಹೋಸಿಯಾ ಅಡುಗೆಮನೆಗೆ ತಂದು ಮೇಜಿನ ಮೇಲೆ ಹಾಕಿದ, ಸತ್ತ ಇಲಿಯನ್ನು ಹಾಕುವ ಹಾಗೆ.

"ಒಪ್ಕೊಳ್ಳೋಣ," ಎಂದ ಒವರ್ಬಿ. "ಒಂದ್ ಗಳಿಗೆ ನಗ್ತಾರೆ. ನಗ್ಲಿ. ಆಮೇಲೆ ನಮ್ಗೊಂದು ಮನೆ ಇರುತ್ತೆ. ಹೋಸಿ, ನೀನೇ ಅಂದ್ಯಲ್ಲ, ಮೊದ್ಲು ಮನೆ ಅಂತ."

"ನಿಂಗೆ ಸುಲಭ ದೊರೆ," ಎಂದ ಕೇಟೋ. "ನೀನು ಯಾವತ್ತೂ ಮೊಣಕಾಲೂರಿಲ್ಲ, ಹೊಸ ಅನುಭವ. ನಾನು ದಿನಾ ಊರ್ತೀನಿ, ಆದ್ರೆ ಕೈಲಿ ಒರೆಸೋ ಬಟ್ಟೆ ಇರುತ್ತೆ. ಬಟ್ಟೆ ಇಲ್ದೆ ಊರಿದ್ರೆ ಅದು ಬೇರೆ."

ಕೈ ಎತ್ತಿಸಿದರು. ಒಪ್ಪೋಣ ಎಂದವರೇ ಹೆಚ್ಚಾದರು. ಹೋಸಿಯಾ ಕೈ ಎತ್ತಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮನೆಯ ಆಸೆ ಅವನಿಗೂ ಇತ್ತು. ಆ ದಿನ ಅವನ ತಾತ್ಸಾರದ ಒಂದು ಪಾಲು ಅವನಿಗೇ ಸಂದಿತು.

ಭಾನುವಾರ ಮಧ್ಯಾಹ್ನ ಹುಲ್ಲುಹಾಸಿನ ಕಡೆಯ ಕಿಟಕಿಗಳನ್ನೆಲ್ಲ ತೆರೆದಿದ್ದರು. ಉದ್ದ ಮೇಜುಗಳ ಮೇಲೆ ಕುರಿಯ ತೊಡೆ, ಪುದೀನ ಚಟ್ನಿ, ಬೆಳ್ಳಿ ಚಮಚ. ಹಳೆಯ ಸಹೋದರರು ಬಂದಿದ್ದರು. ನ್ಯಾಯಾಧೀಶ, ಗಿರಣಿಯ ಮಾಲೀಕ, ಒಬ್ಬ ಪಾದ್ರಿ. ಹೊಟ್ಟೆಗಳು ಮೇಜಿನ ಅಂಚಿಗೆ ತಾಗುತ್ತಿದ್ದವು. ಹೆಂಗಸರ ಟೋಪಿಗಳ ಮೇಲೆ ಸತ್ತ ಹಕ್ಕಿಯ ಗರಿಗಳು. ಆರು ಜನ ಕರಿಯರು ಬಿಳಿ ಕೋಟು ತೊಟ್ಟು ಬಡಿಸಿದರು. ಒವರ್ಬಿಗೆ ತಟ್ಟೆ ಹಿಡಿಯಲು ಬರುತ್ತಿರಲಿಲ್ಲ, ಸಾರು ಚೆಲ್ಲಿದ. ಗಿರಣಿಯ ಮಾಲೀಕ ಅವನ ಬೆರಳ ಗೆಣ್ಣಿಗೆ ಚಮಚದಲ್ಲಿ ಹೊಡೆದ. ಜೋರಾಗಿ ಅಲ್ಲ. ಮಕ್ಕಳಿಗೆ ಹೊಡೆಯುವ ಹಾಗೆ.

ಊಟ ಮುಗಿಯಿತು. ಹಾಲ್ಡೇನ್ ಲೋಟ ಬಡಿದ.

"ನಮ್ಮ ಕರಿ ಹುಡುಗರು ಒಂದು ಸಂಘ ಕಟ್ಟಿದಾರಂತೆ. ಗ್ರೀಕ್ ಸಂಘ. ಅವರ ಘನವಾದ ಗುಟ್ಟನ್ನ ಇವತ್ತು ನಿಮಗೋಸ್ಕರ ತೋರಿಸ್ತಾರೆ."

ನಗು ಎದ್ದಿತು. ಆರು ಜನ ಸಾಲಾಗಿ ನಿಂತರು, ಕೇಟೋ ಎತ್ತಿದ್ದ ತಟ್ಟೆಗಳ ಸಮೇತ. ಮೊದಲು ಮೊಣಕಾಲೂರಬೇಕಾದವನು ಒವರ್ಬಿ. ಊರಿದ. ಕುತ್ತಿಗೆಯ ನರ ಉಬ್ಬಿತ್ತು. ಒಬ್ಬಾಕೆ ಪಕ್ಕದವಳಿಗೆ, "ಪಾಪ, ಚರ್ಚಿನಲ್ಲಿ ಇರೋ ಹಾಗೇ ಇದಾನೆ ನೋಡಿ," ಎಂದಳು. ಯಾರೋ ಅವನ ತಲೆಯ ಮೇಲೆ ಊಟದ ಕರವಸ್ತ್ರ ಎಸೆದರು. ಅದು ಮುಖದ ಮೇಲೆ ಇಳಿಬಿತ್ತು. ಅವನು ತೆಗೆಯಲಿಲ್ಲ.

ಪ್ರಮಾಣ ಹೇಳಿಸಬೇಕಾದವನು ಹೋಸಿಯಾ. ಅವನು ಆ ಬಟ್ಟೆ ಮುಚ್ಚಿದ ಮುಖವನ್ನು ನೋಡಿದ. ಅಡುಗೆಮನೆಯಲ್ಲಿ ಕೂತು ಕಟ್ಟಿದ ಮಾತುಗಳು ನಾಲಿಗೆಯ ಮೇಲಿದ್ದವು. ಈ ಹೊಟ್ಟೆಗಳ ಮುಂದೆ ಅವನ್ನು ಬಿಚ್ಚಲು ಅವನಿಂದ ಆಗಲಿಲ್ಲ. ಬೇರೆ ಮಾತುಗಳು ಬಾಯಿಗೆ ಬಂದವು.

"ಬೆಂಕಿಯ ಸಾಕ್ಷಿಯಾಗಿ ನಾನು ಹೇಳುತ್ತೇನೆ," ಎಂದು ಶುರುಮಾಡಿದ. "ಈ ಮನೆಯ ಕಂಬ ನನ್ನ ಬೆನ್ನೆಲುಬು. ಈ ಮನೆಯ ಗುಟ್ಟು ನನ್ನ ಉಸಿರು. ನನ್ನ ಸಹೋದರನ ಅವಮಾನ ನನ್ನ ಅವಮಾನ."

ನಗು ಒಂದು ಕಡೆಯಿಂದ ನಿಲ್ಲುತ್ತಾ ಬಂತು. ಹುಡುಗರ ಮುಖ ಸುಣ್ಣವಾಯಿತು. ಹೆಂಗಸರಿಗೆ ಏನೂ ತಿಳಿಯಲಿಲ್ಲ, ಅವರು ಇನ್ನೂ ನಗುತ್ತಿದ್ದರು. ಮುದುಕ ನ್ಯಾಯಾಧೀಶನ ತುಟಿಗಳು ಅಭ್ಯಾಸಬಲದಿಂದ ಹೋಸಿಯಾನ ಜೊತೆಗೇ ಅಲುಗಾಡುತ್ತಿದ್ದವು. ಕಾಲ ಬುಡಕ್ಕೆ ಹಾವು ಬಂದವನ ಹಾಗೆ ಅವನು ತಟ್ಟನೆ ಬಾಯಿ ಮುಚ್ಚಿಕೊಂಡ.

ಹೋಸಿಯಾ ನಿಲ್ಲಿಸಲಿಲ್ಲ. ಕೈ ಹಿಡಿಯುವ ಬಗೆಯನ್ನು ತನ್ನ ಎರಡು ಕೈಯಲ್ಲೇ ಮಾಡಿ ತೋರಿಸಿದ. ಸಾಯುವವರೆಗೂ ಆಡಬಾರದ ಆ ಮಾತನ್ನು ಆಡಿದ, ಸ್ಪಷ್ಟವಾಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ.

"ಬಾಯ್ಮುಚ್ಚೋ," ಎಂದು ಹಾಲ್ಡೇನ್ ಎದ್ದ. "ಎಲ್ಲಿ ಕದ್ದೆ ಇದನ್ನ? ಯಾರು ಹೇಳಿದ್ರು ನಿಂಗೆ?"

"ನೀವೇ ಹೇಳಿದ್ರಿ ಸಾರ್. ಒಲೆ ಮುಂದೆ. ಆವತ್ತು ನಾಯೀನ ಆಚೆ ಹಾಕಿದ್ರಿ. ನನ್ನ ಹಾಕ್ಲಿಲ್ಲ."

ಆಗ ಕೇಟೋ ನಕ್ಕ. ಕೈಯಲ್ಲಿ ಎಂಜಲು ತಟ್ಟೆಗಳ ರಾಶಿ ಹಿಡಿದೇ, ಮುರಿದ ಹಲ್ಲು ಕಾಣುವಂತೆ, ಮೈ ಕುಲುಕಿ ನಕ್ಕ. ಆ ಕೋಣೆಯಲ್ಲಿ ಅಂಥ ನಗು ಯಾವತ್ತೂ ಎದ್ದಿರಲಿಲ್ಲ. ತಟ್ಟೆಗಳು ಒಂದರ ಮೇಲೊಂದು ಗಿಲಿಗಿಲಿ ಎಂದವು. ಎಷ್ಟು ಹೊತ್ತಾದರೂ ಅವನು ನಿಲ್ಲಿಸಲಿಲ್ಲ.

ಹೋಸಿಯಾ ಒವರ್ಬಿಯ ಮುಖದ ಮೇಲಿನ ಬಟ್ಟೆ ತೆಗೆದ. ರಟ್ಟೆ ಹಿಡಿದು ಎಬ್ಬಿಸಿದ. ಬಿಳಿ ಕೋಟುಗಳನ್ನು ಕಳಚಿ ಕುರಿಯ ಮೂಳೆಗಳ ಮೇಲೆ ಹಾಕಿದರು. ಆರು ಜನರೂ ಮುಂಬಾಗಿಲಿನಿಂದ ಹೊರಗೆ ಹೋದರು. ಮೂರು ವರ್ಷದಲ್ಲಿ ಹೋಸಿಯಾ ಆ ಬಾಗಿಲು ದಾಟಿದ್ದು ಅದೇ ಮೊದಲು.

ಸೋಮವಾರ ಡೀನ್ ಆರು ಜನರನ್ನೂ ಕರೆಸಿದ. ಅವನಿಗೆ ಪೇಚಾಟವಿತ್ತು. ಗುಟ್ಟು ಬಯಲಾಯಿತೆಂದು ದೂರು ಬರೆದರೆ, ಗುಟ್ಟನ್ನು ಒಲೆಯವನ ಎದುರೇ ಆಡಿದ್ದೆವೆಂದು ಆ ಮನೆಯವರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮೂವತ್ತು ಜನರಲ್ಲಿ ಯಾರಿಗೂ ಆ ಧೈರ್ಯವಿರಲಿಲ್ಲ.

"ಪೆಟಿಫೋರ್ಡ್, ನೀನು ಮಾಡಿದ್ದು ತಪ್ಪು," ಎಂದ ಡೀನ್. "ಆದ್ರೆ ಜೂನ್‌ನಲ್ಲಿ ಪಕ್ಕದ ಕಾಲೇಜಿನ ಜೊತೆ ಓಟ ಇದೆ. ಅದನ್ನ ನೋಡಿ ಈ ಸಲ ಕ್ಷಮಿಸಿದೀವಿ. ಆ ನಕ್ಕೋನು ಯಾರು?"

ಕೇಟೋ ಒಂದು ಹೆಜ್ಜೆ ಮುಂದೆ ಬಂದ.

"ನಾನೇ," ಎಂದ. "ಮತ್ತೆ ನಗಬೇಕಾ ಸಾರ್?"

ನಕ್ಕವನ ಹೆಸರನ್ನು ವಿಶ್ವವಿದ್ಯಾಲಯದ ಪಟ್ಟಿಯಿಂದ ಹೊಡೆದುಹಾಕಿದರು. ಅತಿಥಿಗಳಿಗೆ ಅಗೌರವ ಎಂದು ಕಾರಣ ಕೊಟ್ಟರು. ಆಡಿದವನು ಉಳಿದ, ನಕ್ಕವನು ಹೋದ. ಹೋಸಿಯಾನ ತಲೆಗೆ ಕ್ಷಮೆ ಸಿಗಲಿಲ್ಲ, ಕಾಲುಗಳಿಗೆ ಸಿಕ್ಕಿತು. ಗುಡ್ಡದ ಮೇಲಿನ ಮನೆಗಳೆಲ್ಲ ಕರಿಯ ಹುಡುಗರನ್ನು ಕೆಲಸದಿಂದ ಬಿಡಿಸಿದವು. ಕೇಟೋ ಮಾರನೆಯ ದಿನವೇ ಊರಾಚೆಯ ಕಲ್ಲು ಕ್ವಾರಿಗೆ ಸೇರಿದ. ಲ್ಯಾಟಿನ್ ಕಲಿತಿದ್ದವನು ಸುಣ್ಣದಕಲ್ಲಿನ ಚೂರು ಹೊತ್ತು ಹಾಕುವ ಕೂಲಿಯಾದ. ಕ್ವಾರಿಯ ಶೆಡ್ಡಿನಲ್ಲೇ ಮಲಗತೊಡಗಿದ.

ಸಂಘ ಮಾತ್ರ ನಿಲ್ಲಲಿಲ್ಲ. ಮಾನ್ಯತೆ ಬರುವುದಿಲ್ಲವೆಂದು ಗೊತ್ತಾದ ಮೇಲೆ, ಮಾನ್ಯತೆಯಿಲ್ಲದೆಯೇ ಕಟ್ಟೋಣ ಎಂದರು. ಮನೆಯ ಬಾಡಿಗೆಗೆ ಮೇಬ್ರಿಯಮ್ಮ ತನ್ನ ಹೆಸರು ಕೊಡುತ್ತೇನೆಂದಳು. ಐದು ಜನ ಅಡುಗೆಮನೆಯಲ್ಲಿ ಕೂತರು. ಮೊದಲ ಪ್ರಮಾಣ ಯಾವಾಗ, ಯಾರು ಯಾರು ಎಂಬ ಮಾತು ಬಂತು.

"ಒಂದು ವಿಷ್ಯ," ಎಂದ ಒವರ್ಬಿ. ಮೇಜು ನೋಡುತ್ತಾ ಹೇಳಿದ. "ಸದಸ್ಯ ಆಗೋನು ವಿದ್ಯಾರ್ಥಿ ಆಗಿರ್ಬೇಕು. ಎಲ್ಲಾ ಸಂಘದಲ್ಲೂ ಹಾಗೇನೆ. ನಾಳೆ ಜನ ಕೇಳ್ತಾರೆ, ಸ್ಥಾಪಕರಲ್ಲಿ ಒಬ್ಬ ಕಲ್ಲು ಹೊರೋನಂತೆ ಅಂತ. ಕೇಟೋ ಬಗ್ಗೆ ನಂಗೇನೂ ಇಲ್ಲ. ಅವನ್ನ ಬೇರೆ ಥರ ಗೌರವಿಸೋಣ."

"ಬೇರೆ ಥರ ಅಂದ್ರೆ?" ಎಂದ ಹೋಸಿಯಾ.

"ಅಂದ್ರೆ... ಗೌರವ ಸದಸ್ಯ, ಹಾಗೇನಾದ್ರೂ."

"ಅಡುಗೆಮನೆ ಬಾಗಿಲಲ್ಲಿ ನಿಲ್ಸಿ ಊಟ ಕೊಡೋದು. ಅದೇ ತಾನೆ?"

ಮೇಬ್ರಿಯಮ್ಮ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಲಾರೆನ್ಸು, ನೀನು ಗುಡ್ಡದ್ ಮೇಲಿನ್ ಮನೇಗೇ ಸೇರ್ಕೊ ಮಗಾ. ಅಕ್ಷರ ಅಲ್ಲಿ ಕೆತ್ತೇ ಅದೆ. ನಿಯಮಾನೂ ಅದೆ. ನಿಂಗೆ ಖರ್ಚು ಉಳೀತದೆ."

ಒವರ್ಬಿಯ ಮುಖ ಕಿವುಚಿಕೊಂಡಿತು. ಎದ್ದು ಹೋಗುತ್ತಾನೆ ಎಂದುಕೊಂಡರು. ಹೋಗಲಿಲ್ಲ.

"ಮೊಣಕಾಲೂರಿದ್ದು ನಾನು," ಎಂದ. "ಅಮ್ಮಾ, ನೀವ್ಯಾರೂ ಅಲ್ಲ. ನಾನು. ಮುಖದ್ ಮೇಲೆ ಅವರ ಬಾಯಿ ಒರೆಸಿದ ಬಟ್ಟೆ. ಅದನ್ನ ಮುಚ್ಚೋಕೆ ಏನಾದ್ರೂ ದೊಡ್ಡದು ಬೇಕು ನಂಗೆ. ಒಳ್ಳೇ ಸಂಘ, ಒಳ್ಳೇ ಹೆಸ್ರು..."

"ಅದಕ್ಕೆ ಕೇಟೋನ ಬೆನ್ನ ಮೇಲೆ ಹತ್ತಿ ನಿಲ್ತೀಯಾ?" ಎಂದ ಹೋಸಿಯಾ. "ನೀನು ಮೊಣಕಾಲೂರಿದ್ದಾಗ ನಕ್ಕೋನು ಅವನು. ಅವರನ್ನ ನೋಡಿ ನಕ್ಕ. ನಿನ್ನ ನೋಡಿ ಅಲ್ಲ. ಅವನಿಲ್ದಿರೋ ಸಂಘಕ್ಕೆ ನಾನಿಲ್ಲ. ಮೊದ್ಲು ಪ್ರಮಾಣ ಮಾಡೋನು ಅವನೇ. ಆಗಲ್ಲ ಅನ್ನೋರು ಈಗ್ಲೇ ಎದ್ದು ಹೋಗಿ."

ಒವರ್ಬಿ ಏಳಲಿಲ್ಲ. "ಹಾಗಾದ್ರೆ ನಂದೂ ಒಂದು ನಿಯಮ ಸೇರ್ಸಿ," ಎಂದ. "ನಮ್ಮಲ್ಲಿ ಯಾವನೂ ಮೊಣಕಾಲೂರಬಾರ್ದು. ಯಾವತ್ತೂ. ನಿಂತೇ ಪ್ರಮಾಣ."

ಅದಕ್ಕೆ ಎಲ್ಲರೂ ಕೈ ಎತ್ತಿದರು.

ದಿನ ಆರಿಸಿದವನು ಹೋಸಿಯಾ. ಪಕ್ಕದ ಕಾಲೇಜಿನ ಜೊತೆ ಓಟವಿದ್ದ ಶನಿವಾರವನ್ನೇ ಆರಿಸಿದ. ಬೆಳಗ್ಗೆಯಿಂದಲೇ ಮೈದಾನದಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಗುಡ್ಡದ ಮೇಲಿನವರು ಬಣ್ಣದ ರಿಬ್ಬನ್ನು ಕಟ್ಟಿಕೊಂಡು ನಮ್ಮ ಪೆಟಿಫೋರ್ಡ್ ನಮ್ಮ ಪೆಟಿಫೋರ್ಡ್ ಎಂದು ಬಾಜಿ ಕಟ್ಟುತ್ತಿದ್ದರು. ನಮ್ಮ ಪೆಟಿಫೋರ್ಡ್ ಮೈದಾನದ ಗೇಟಿನ ಮುಂದೆಯೇ ಹಾದು, ನಿಲ್ಲದೆ, ಕ್ವಾರಿಯ ದಾರಿ ಹಿಡಿದ. ಹಿಂದೆ ನಾಲ್ಕು ಜನ. ಒವರ್ಬಿ ತನ್ನ ಒಳ್ಳೆಯ ಸೂಟು ತೊಟ್ಟಿದ್ದ. ಗೇಟಿನವನು "ಏಯ್, ಈ ಕಡೆ," ಎಂದು ಕೂಗಿದ. ಹೋಸಿಯಾ ತಿರುಗಿ ನೋಡಲಿಲ್ಲ.

ಕ್ವಾರಿಯ ಗುಂಡಿಯಲ್ಲಿ ಬಿಸಿಲು ಸುಣ್ಣದಂತೆ ಸುಡುತ್ತಿತ್ತು. ಕೇಟೋ ಕಲ್ಲಿನ ಚೂರು ತುಂಬಿದ ಬುಟ್ಟಿ ಇಳಿಸಿ ನಿಂತ. ತಲೆಗೂದಲು, ಹುಬ್ಬು, ತುಟಿ, ಎಲ್ಲ ಬೆಳ್ಳಗೆ ಧೂಳು ಹಿಡಿದಿತ್ತು. ಭುಜದ ಚರ್ಮ ಸುಲಿದು ಹೋಗಿತ್ತು.

"ನೋಡ್ರೋ, ಹೇಗಿದೀನಿ," ಎಂದ. "ಈಗ ಹೋದ್ರೆ ಡೀನು ಹಾಸ್ಟೆಲ್ ರೂಮು ಕೊಡ್ತಾನೆ." ಆಮೇಲೆ ಹೋಸಿಯಾನನ್ನು ನೋಡಿದ. "ಇವತ್ತು ಓಟ ಅಲ್ವೇನೋ?"

"ಹೌದು."

"ಮತ್ತೆ?"

"ಅವ್ರೇ ಓಡ್ಲಿ."

ಕೇಟೋ ನಗಲಿಲ್ಲ. "ನಿನ್ನ ಹೆಸ್ರೂ ಹೊಡೆದುಹಾಕ್ತಾರಲ್ಲೋ."

"ಹಾಕ್ಲಿ. ನಿಂತ್ಕೊ ನೆಟ್ಟಗೆ."

ಹೊಡೆದುಹಾಕಿದರು, ಮುಂದಿನ ವಾರವೇ. ಹೋಸಿಯಾ ದಕ್ಷಿಣದ ಒಂದು ಕರಿಯರ ಕಾಲೇಜಿನಲ್ಲಿ ಪದವಿ ಮುಗಿಸಿದ. ವರ್ಷಗಳು ಕಳೆದ ಮೇಲೆ ಆ ಸಂಘಕ್ಕೆ ಊರೂರಲ್ಲಿ ಮನೆಗಳಾದವು. ರೈಲಿನಿಂದ ಇಳಿದ ಹುಡುಗರಿಗೆ ಹಾಸಿಗೆಯಾಯಿತು. ಕೆಲವು ಮನೆಗಳಲ್ಲಿ ಹೊಸ ಹುಡುಗರು ಅಕ್ಷರಗಳ ಜಂಬದಲ್ಲಿ ಒಬ್ಬರನ್ನೊಬ್ಬರು ಹೊಡೆದರು, ಬಣ್ಣ ನೋಡಿ ಆರಿಸಿದರು, ಥೇಟ್ ಗುಡ್ಡದ ಮೇಲಿನವರ ಹಾಗೆ. ಹೋಸಿಯಾ ಮುದುಕನಾದ ಮೇಲೂ ಅಂಥ ಮನೆಗಳಿಗೆ ಊಟಕ್ಕೆ ಹೋಗುತ್ತಿರಲಿಲ್ಲ. ಕರೆಯಲು ಬಂದವರಿಗೆ, ನಿಮ್ಮ ಮನೆಯ ಒಲೆ ಯಾರು ಉರಿಸ್ತಾರೆ ಎಂದು ಕೇಳಿ ಕಳಿಸುತ್ತಿದ್ದ. ಆದರೆ ಅದೆಲ್ಲ ಆಮೇಲಿನದು.

ಆವತ್ತು ಕಲ್ಲಿನ ಗುಂಡಿಯಲ್ಲಿ ಆರು ಜನ ನಿಂತರು. ಹೋಸಿಯಾ ಹೇಳಿಸತೊಡಗಿದ.

"ನೀನು ಉಣ್ಣದೆ ನಾನು ಉಂಡರೆ ಅದು ಕದ್ದ ಊಟ."

ಕೇಟೋ ಹೇಳಿದ. ಧೂಳಿನ ಬಾಯಲ್ಲಿ ಮಾತು ಗೊರಗೊರ ಎಂದಿತು.

"ನಿನ್ನನ್ನು ತಡೆದ ಬಾಗಿಲಲ್ಲಿ ನಾನು ಒಳಗೆ ಹೋಗುವುದಿಲ್ಲ."

"ಏಯ್ ವಿನ್‌ಫ್ರೀ," ಎಂದು ಮೇಲಿನಿಂದ ಮೇಸ್ತ್ರಿ ಕೂಗಿದ. ದಪ್ಪ ಬಿಳಿಯ, ಕೈಯಲ್ಲಿ ಬೆತ್ತ. ದಾಪುಗಾಲು ಹಾಕುತ್ತಾ ಇಳಿದು ಬಂದ. "ಏನದು ಸಂತೆ? ಇವ್ರೆಲ್ಲ ಕೆಲಸಕ್ಕೆ ಬಂದೋರಾ?"

"ಅಲ್ಲ. ನನ್ನ ಹತ್ರ ಬಂದೋರು."

"ಕಲ್ಲು ಯಾರೋ ಎತ್ತೋದು?"

ಕೇಟೋ ಅವನ ಕಡೆ ಅರ್ಧ ತಿರುಗಿದ. ಸಾರ್ ಎನ್ನಲಿಲ್ಲ.

"ಸ್ವಲ್ಪ ನಿಲ್ಲು. ಮಾತು ಮುಗಿದಿಲ್ಲ."

ಮೇಸ್ತ್ರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆರು ಜನ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಅವನು ಬೆತ್ತವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ನಿಂತ.

ಹೋಸಿಯಾ ಅವಸರ ಮಾಡಲಿಲ್ಲ. ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. ಕೇಟೋ ಅದಕ್ಕಿಂತ ನಿಧಾನವಾಗಿ ತಿರುಗಿ ಹೇಳಿದ. ಮೇಸ್ತ್ರಿ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಾ, ಬಿಸಿಲಲ್ಲಿ ಕಾದ.